'ಅಂಕಲ್, ಸ್ವಲ್ಪ ಮುಂದೆ ಹೋಗಿ!'

ಕಂಡಕ್ಟರ್ ಟಿಕೆಟ್ ಮೆಷಿನ್ ಹಿಡಿದು ಸೀಟಿನಿಂದ ಸೀಟಿಗೆ ಬರುತ್ತಿದ್ದಾನೆ. 'ಹಾಸನ ಒಂದು' ಎಂದು ನೋಟು ಚಾಚಿದವರ ಮುಖವನ್ನು ಅರೆಗಳಿಗೆ ನೋಡಿ, 'ಸೀನಿಯರ್ ಸಿಟಿಜನ್ನಾ ಸಾರ್? ಆಧಾರ್ ಇದ್ರೆ ತೋರ್ಸಿ, ಕಮ್ಮಿ ಆಗುತ್ತೆ' ಎನ್ನುತ್ತಾನೆ. ಕೇಳಿದ್ದು ಉಪಕಾರಕ್ಕೇ. ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ 60 ತುಂಬಿದವರಿಗೆ ಶೇ 25ರಷ್ಟು ರಿಯಾಯಿತಿ ಇದೆ. ಆದರೆ ನೋಟು ಚಾಚಿದವರಿಗೆ ಇನ್ನೂ 54! ಪಕ್ಕದಲ್ಲಿ ಕೂತ ಹೆಂಡತಿ 'ಶಕ್ತಿ' ಯೋಜನೆಯ ಶೂನ್ಯ ಟಿಕೆಟ್ ಹಿಡಿದು, ಕಿಟಕಿಯ ಕಡೆ ತಿರುಗಿ ನಗು ತಡೆಯುತ್ತಿದ್ದಾರೆ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ರಾಜ್ಯದ ಹೆಂಗಸರಿಗೆ ಈ ವಯಸ್ಸಿನ ಪ್ರಶ್ನೆಯೇ ಎದುರಾಗುವುದಿಲ್ಲ.

ಇಂಥ ಗಳಿಗೆಗಳು ಯಾವ ಮನೆಯಲ್ಲಿಲ್ಲ? ನಿನ್ನೆಯವರೆಗೆ 'ಅಕ್ಕಾ' ಎನ್ನುತ್ತಿದ್ದ ಸೊಪ್ಪಿನವನು ಇವತ್ತು 'ಆಂಟಿ' ಎಂದುಬಿಡುತ್ತಾನೆ. ಕಟಿಂಗ್ ಶಾಪಿನ ಹುಡುಗ ಬಾಚಣಿಗೆ ಆಡಿಸುತ್ತಾ 'ಡೈ ಹಾಕ್ಲಾ ಸಾರ್?' ಎಂದು ಮೆಲ್ಲಗೆ ಕೇಳುತ್ತಾನೆ. ಮಗಳ ಶಾಲೆಯ ಹೊಸ ಟೀಚರ್ ನೋಡಿದರೆ ತಾನೇ ಹಿಂದೆ ಪಾಠ ಹೇಳಿದ ಹುಡುಗಿ. ಮೆಟ್ರೊದಲ್ಲಿ ಕಾಲೇಜು ಹುಡುಗನೊಬ್ಬ ಥಟ್ಟನೆ ಎದ್ದು ಸೀಟು ಬಿಟ್ಟುಕೊಟ್ಟರೆ, ಇದು ಯಾರಿಗೋ ಇರಬೇಕೆಂದು ಹಿಂದೆ ತಿರುಗಿ ನೋಡುತ್ತೇವೆ. ಹಿಂದೆ ಯಾರೂ ಇರುವುದಿಲ್ಲ.

ಮನೆಗೆ ಬಂದು ಇವನ್ನೆಲ್ಲ ಹೇಳಿಕೊಂಡು ನಗುತ್ತೇವೆ. ಆ ನಗುವಿಗೆ ದೊಡ್ಡ ಬೆಲೆಯಿದೆ. ವಯಸ್ಸು ನಮ್ಮಿಂದ ಕಿತ್ತುಕೊಳ್ಳುವುದು ಸ್ವಲ್ಪ. ವಯಸ್ಸಾಯಿತೆಂದು ಒಪ್ಪಿಕೊಳ್ಳುವ ಸಂಕೋಚ ಕಿತ್ತುಕೊಳ್ಳುವುದು ಬಹಳ. ಆ ಸಂಕೋಚವನ್ನು ಬಿಡಿಸುವ ಶಕ್ತಿ ಜೊತೆಗೂಡಿ ನಕ್ಕ ನಗುವಿಗಿದೆ.

ಒಳಗೊಂದು ವಯಸ್ಸು, ಹೊರಗೊಂದು

ನಗು ಬರುವುದಾದರೂ ಏಕೆ? ಕಂಡಕ್ಟರನ ಕಣ್ಣಿಗೆ ಬಿದ್ದ ವಯಸ್ಸೇ ಬೇರೆ, ನಮ್ಮೊಳಗೆ ಕೂತಿರುವ ವಯಸ್ಸೇ ಬೇರೆ ಆಗಿರುವುದರಿಂದ. ಮನೋವಿಜ್ಞಾನಿಗಳಾದ ಡೇವಿಡ್ ರೂಬಿನ್ ಮತ್ತು ಡೋರ್ಟೆ ಬೆರ್ನ್ಸೆನ್ ಡೆನ್ಮಾರ್ಕಿನ ಜನರನ್ನು 'ನಿಮಗೆ ಎಷ್ಟು ವಯಸ್ಸಾದಂತೆ ಅನ್ನಿಸುತ್ತದೆ?' ಎಂದು ಕೇಳಿ, ಬಂದ ಉತ್ತರಗಳನ್ನು 2006ರಲ್ಲಿ ಪ್ರಕಟಿಸಿದರು. ನಲವತ್ತು ದಾಟಿದವರು ತಮ್ಮ ನಿಜವಾದ ವಯಸ್ಸಿಗಿಂತ ಸುಮಾರು ಶೇ 20ರಷ್ಟು ಚಿಕ್ಕವರೆಂದು ಭಾವಿಸಿದ್ದರು. ಲೆಕ್ಕ ಹಾಕಿ ನೋಡಿ: 50 ಆದವರಿಗೆ ಒಳಗೆ 40, 70 ಆದವರಿಗೆ ಒಳಗೆ 56. ಇನ್ನೂ 25 ಆಗದವರದು ಇದಕ್ಕೆ ತಿರುಗುಮುರುಗು. ಅವರು ತಮ್ಮನ್ನು ವಯಸ್ಸಿಗಿಂತ ದೊಡ್ಡವರೆಂದೇ ತಿಳಿದಿರುತ್ತಾರೆ. ಮೀಸೆ ಚಿಗುರುವ ಮೊದಲೇ ರೇಜರ್ ಹುಡುಕುವ ಹುಡುಗನೂ, ಮೀಸೆಯ ಬಿಳಿ ಕೂದಲನ್ನು ಒಂದೊಂದಾಗಿ ಕತ್ತರಿಸುವ ಅವನ ಅಪ್ಪನೂ ಒಂದೇ ಕನ್ನಡಿಯ ಮುಂದೆ ನಿಲ್ಲುತ್ತಾರಲ್ಲ, ಆ ಮನೆಯಲ್ಲಿ ಎರಡೂ ಲೆಕ್ಕ ಒಟ್ಟಿಗೇ ನಡೆಯುತ್ತಿರುತ್ತವೆ.

ಕನ್ನಡಿಯಲ್ಲಿ ದಿನಾ ನೋಡುವ ಮುಖ ದಿನಾ ಒಂದೇ ತರಹ ಕಾಣುತ್ತದೆ. ಹಾಗಾಗಿ ವಯಸ್ಸಿನ ಸುದ್ದಿ ಹೊರಗಿನಿಂದಲೇ ಬರಬೇಕು, ಇಲ್ಲವೇ ದೇಹವೇ ಯಾವುದಾದರೂ ಸಣ್ಣ ಕೆಲಸದ ನಡುವೆ ಹಠಾತ್ತನೆ ಹೇಳಬೇಕು.

ಕೈ ಸಾಲದಾದಾಗ

ಔಷಧಿ ಅಂಗಡಿಯಲ್ಲಿ ಮಾತ್ರೆಯ ಸ್ಟ್ರಿಪ್ ಹಿಂದಿನ ಎಕ್ಸ್‌ಪೈರಿ ದಿನಾಂಕ ಓದಲು ಹೊರಟ ನಲವತ್ತೈದರ ಗ್ರಾಹಕರನ್ನು ಗಮನಿಸಿ. ಮೊದಲು ಸ್ಟ್ರಿಪ್ ಮೂಗಿನ ಹತ್ತಿರ ಬರುತ್ತದೆ. ಆಮೇಲೆ ಒಂದು ಗೇಣು ದೂರ ಹೋಗುತ್ತದೆ. ಮೊಣಕೈ ನೆಟ್ಟಗಾಗುತ್ತದೆ. ಕೈ ಇನ್ನು ಉದ್ದವಾಗದು ಎನ್ನುವಾಗ ಕುತ್ತಿಗೆ ಹಿಂದಕ್ಕೆ ಸರಿಯುತ್ತದೆ. ಕೊನೆಗೆ ಟ್ಯೂಬ್‌ಲೈಟಿನ ಕೆಳಗೆ ಹೋಗಿ ನಿಂತು, 'ಈ ಕಂಪನಿಯವ್ರು ಅಕ್ಷರ ಯಾಕಿಷ್ಟು ಸಣ್ಣ ಮಾಡ್ತಾರೋ' ಎಂಬ ತೀರ್ಪು ಹೊರಬೀಳುತ್ತದೆ. ಕೌಂಟರಿನ ಹುಡುಗಿ ಕೂತಲ್ಲಿಂದಲೇ ಓದಿ ಹೇಳುತ್ತಾಳೆ.

ಅಕ್ಷರ ಸಣ್ಣದಾಗಿಲ್ಲ, ಚಾಳೀಸು ಬಂದಿದೆ. ಹತ್ತಿರದ ವಸ್ತು ನೋಡುವಾಗ ಕಣ್ಣೊಳಗಿನ ಮಸೂರ ಉಬ್ಬಬೇಕು. ವರ್ಷಗಳು ಕಳೆದಂತೆ ಅದು ಗಡುಸಾಗಿ ಉಬ್ಬಲು ಒಪ್ಪುವುದಿಲ್ಲ. ಹತ್ತು ವರ್ಷದ ಮಗು ಪುಸ್ತಕವನ್ನು ಕಣ್ಣಿನಿಂದ 7–8 ಸೆಂ.ಮೀ. ದೂರದಲ್ಲಿಟ್ಟುಕೊಂಡೂ ಸ್ಪಷ್ಟವಾಗಿ ಓದಬಲ್ಲದು. ಅರವತ್ತರ ಹೊತ್ತಿಗೆ ಕನ್ನಡಕವಿಲ್ಲದ ಕಣ್ಣಿಗೆ ಅದೇ ಅಕ್ಷರ ಹೆಚ್ಚುಕಡಿಮೆ ಒಂದು ಮೀಟರ್ ದೂರ ಬೇಕಾಗುತ್ತದೆ. ಅಷ್ಟುದ್ದದ ಕೈ ಯಾರಿಗಿದೆ? ಟ್ಯೂಬ್‌ಲೈಟಿನ ಕೆಳಗೆ ಓಡುವುದಕ್ಕೂ ಕಾರಣವಿದೆ. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗಿ ಒಳಗೆ ಹೋಗುವ ಬೆಳಕು ಕಡಿಮೆಯಾಗುತ್ತದೆ. ಹೋಟೆಲಿನ ಮಬ್ಬು ದೀಪದಲ್ಲಿ ಮೆನು ಕಾರ್ಡು ಓದಲಾಗದೆ 'ಎಲ್ರಿಗೂ ಮಸಾಲೆ ದೋಸೇನೇ ಹೇಳಿಬಿಡು' ಎನ್ನುವ ಅಪ್ಪಂದಿರಿಗೆ ಬೇಕಿರುವುದು ಇನ್ನಷ್ಟು ಬೆಳಕು.

ಚಾಳೀಸು ಎಲ್ಲರಿಗೂ ಬರುತ್ತದೆ. ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಸಿಗುವ ಕನ್ನಡಕದಿಂದ ಅದು ಸರಿಹೋಗುತ್ತದೆ. ಹೀಗಿದ್ದೂ ಎಷ್ಟೋ ಜನ ವರ್ಷಗಟ್ಟಲೆ ಮುಂದೂಡುತ್ತಾರೆ. ಅದರ ನಷ್ಟ ಎಷ್ಟೆಂದು ಅಸ್ಸಾಮಿನ ಚಹಾ ತೋಟಗಳಲ್ಲಿ ನಡೆದ ಒಂದು ಪ್ರಯೋಗ ತೋರಿಸಿದೆ. ನಲವತ್ತು ದಾಟಿದ 751 ಎಲೆ ಕೀಳುವವರಲ್ಲಿ ಅರ್ಧದಷ್ಟು ಮಂದಿಗೆ ಹತ್ತಿರದ ಕನ್ನಡಕ ಕೊಟ್ಟು, ಉಳಿದವರಿಗೆ ಪ್ರಯೋಗ ಮುಗಿಯುವವರೆಗೆ ಕೊಡದೆ, ದಿನಕ್ಕೆ ಎಷ್ಟು ಎಲೆ ಕೀಳುತ್ತಾರೆಂದು ತೂಗಿದರು. ಕನ್ನಡಕ ಹಾಕಿದವರ ಕೆಲಸ ಹಾಕದವರಿಗಿಂತ ಶೇ 20ಕ್ಕೂ ಮಿಕ್ಕಿ ಏರಿತು. 2018ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಮ್ಮ ಊರುಗಳಿಗೆ ತಂದು ಯೋಚಿಸಬೇಕು. ದೇವಸ್ಥಾನದ ಬಾಗಿಲಲ್ಲಿ ಹೂ ಕಟ್ಟುವವರು, ಕರಾವಳಿಯ ಜಗಲಿಗಳಲ್ಲಿ ಬೀಡಿ ಸುತ್ತುವವರು, ರಾಮನಗರ ಮತ್ತು ಶಿಡ್ಲಘಟ್ಟದಲ್ಲಿ ಬಿಸಿನೀರಿನ ಗೂಡಿನಿಂದ ರೇಷ್ಮೆಯೆಳೆ ಹುಡುಕಿ ತೆಗೆಯುವವರು, ಇವರೆಲ್ಲರ ಅನ್ನ ಇರುವುದು ಹತ್ತಿರದ ನೋಟದಲ್ಲಿ. 'ಕನ್ನಡಕ ಹಾಕಿದ್ರೆ ಮುದುಕಿ ಥರ ಕಾಣ್ತೀನಿ' ಎಂಬ ಒಂದು ಮಾತು ಅವರ ದಿನಗೂಲಿಯನ್ನೇ ಕಡಿಮೆ ಮಾಡಬಲ್ಲದು.

ಪಂಕ್ತಿಯಲ್ಲಿ ನಡೆಯುವ ಪರೀಕ್ಷೆ

ಮದುವೆ ಮನೆಗಳಿಗೆ ಟೇಬಲ್ ಊಟ ಬಂದರೂ ದೇವಸ್ಥಾನ, ಮಠ, ಹಳ್ಳಿಯ ಗೃಹಪ್ರವೇಶಗಳಲ್ಲಿ ನೆಲದ ಪಂಕ್ತಿ ಇನ್ನೂ ಉಳಿದಿದೆ. ಕೂರುವಾಗ ತೊಂದರೆಯಿಲ್ಲ, ಕಷ್ಟವಿರುವುದು ಏಳುವುದರಲ್ಲಿ. ಮಜ್ಜಿಗೆ ಅನ್ನ ಮುಗಿದಿದೆ, ಎಲೆ ಮಡಚಿದ್ದಾಗಿದೆ. ಬಲಗೈ ಎಂಜಲು, ನೆಲಕ್ಕೆ ಊರುವಂತಿಲ್ಲ. ಎಡಗೈಯಲ್ಲಿ ಅರ್ಧ ಕುಡಿದ ನೀರಿನ ಬಾಟಲಿ. ಮುಂದಿನ ಪಂಕ್ತಿಯವರು ಆಗಲೇ ಜಾಗ ಹಿಡಿಯಲು ಬೆನ್ನ ಹಿಂದೆ ನಿಂತಿದ್ದಾರೆ. ಹಿರಿಯರು ಬಾಟಲಿ ಬದಿಗಿಟ್ಟು, ಎಡಕ್ಕೆ ವಾಲಿ, ಅಂಗೈ ಊರಿ, ಮೊಣಕಾಲು ಮಡಚಿ 'ಅಯ್ಯಪ್ಪಾ' ಎಂದು ಏಳುತ್ತಾರೆ. ಸಾಲಿನುದ್ದಕ್ಕೂ ಅದೇ ಉದ್ಗಾರ ಒಬ್ಬರಾದ ಮೇಲೊಬ್ಬರ ಬಾಯಲ್ಲಿ ಹೊರಡುತ್ತದೆ. ಎದ್ದು ನಿಂತವರು ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ.

ಬ್ರೆಜಿಲ್ ದೇಶದ ವೈದ್ಯ ಕ್ಲಾಡಿಯೊ ಜಿಲ್ ಅರೌಜೊ ಹೆಚ್ಚುಕಡಿಮೆ ಇದನ್ನೇ ಒಂದು ಪರೀಕ್ಷೆಯಾಗಿ ಮಾಡಿದ್ದಾರೆ. ನೆಲಕ್ಕೆ ಕೂರಲು 5 ಅಂಕ, ಏಳಲು 5 ಅಂಕ. ಕೈ ಅಥವಾ ಮೊಣಕಾಲು ಊರಿದಾಗೆಲ್ಲ ಒಂದು ಅಂಕ ಕಳೆಯುತ್ತದೆ, ಓಲಾಡಿದರೆ ಅರ್ಧ ಅಂಕ. 51ರಿಂದ 80 ವರ್ಷದ ಎರಡು ಸಾವಿರ ಮಂದಿಯನ್ನು ಹೀಗೆ ಅಳೆದು, ಸುಮಾರು ಆರು ವರ್ಷ ಅವರ ಯೋಗಕ್ಷೇಮ ಗಮನಿಸಿ, 2012ರಲ್ಲಿ ಫಲಿತಾಂಶ ಹೊರತಂದರು. ಅಂಕ ಕಡಿಮೆ ಇದ್ದವರಲ್ಲಿ ಸಾವಿನ ಪ್ರಮಾಣ ಹೆಚ್ಚಾಗಿತ್ತು. ಕೈ ಊರಿದ ಮಾತ್ರಕ್ಕೆ ಆಯಸ್ಸು ಕಡಿಮೆಯಾಯಿತೆಂದಲ್ಲ. ಸ್ನಾಯುವಿನ ಬಲ, ಕೀಲಿನ ಸಡಿಲು, ಸಮತೋಲ ಮೂರೂ ಒಟ್ಟಿಗೆ ಹೇಗಿವೆಯೆಂದು ಏಳುವ ರೀತಿ ತೋರಿಸಿಕೊಡುತ್ತದೆ. ಬಲಗೈಗೆ ರಜೆ ಕೊಟ್ಟು ನಡೆಸುವ ನಮ್ಮ ಪಂಕ್ತಿಯ ಪರೀಕ್ಷೆ ಅರೌಜೊ ಅವರದ್ದಕ್ಕಿಂತ ಕಠಿಣವೇ ಇರಬೇಕು.

ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಶೇ 3ರಿಂದ 8ರಷ್ಟು ಸ್ನಾಯು ಕರಗುತ್ತದೆ. ಆದರೆ ಅದನ್ನು ಮರಳಿ ಗಳಿಸುವ ಬಾಗಿಲು ಎಂದೂ ಮುಚ್ಚುವುದಿಲ್ಲ. ಬೋಸ್ಟನ್ ನಗರದ ವೃದ್ಧಾಶ್ರಮವೊಂದರಲ್ಲಿ ಸರಾಸರಿ 90 ವರ್ಷದ ಹಿರಿಯರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತುವ ವ್ಯಾಯಾಮ ಮಾಡಿಸಿದಾಗ, ಅವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಹೆಚ್ಚಿತು. ವೈದ್ಯೆ ಮಾರಿಯಾ ಫಿಯಾಟರೋನ್ ಮತ್ತು ಸಂಗಡಿಗರು ಇದನ್ನು 1990ರಲ್ಲೇ ಪ್ರಕಟಿಸಿದ್ದಾರೆ. ತೊಂಬತ್ತರಲ್ಲಿ ಆದದ್ದು ಐವತ್ತೈದರಲ್ಲಿ ಆಗದೇ?

ಏಳುವಾಗ ಮೊಣಕಾಲು 'ಲಟಕ್' ಎಂದರೆ ಹೆದರಬೇಕಿಲ್ಲ. ನೋವು, ಊತ ಇಲ್ಲದ ಸದ್ದು ಸಾಮಾನ್ಯವಾಗಿ ನಿರಪಾಯಕಾರಿ. ಬೆರಳು ಮುರಿದರೆ ಸಂಧಿವಾತ ಬರುತ್ತದೆಂದು ಚಿಕ್ಕಂದಿನಲ್ಲಿ ಗದರಿಸಿಕೊಂಡಿದ್ದ ಅಮೆರಿಕದ ಡೊನಾಲ್ಡ್ ಅಂಗರ್, ಅರವತ್ತಕ್ಕೂ ಹೆಚ್ಚು ವರ್ಷ ಎಡಗೈ ಬೆರಳುಗಳನ್ನು ಮಾತ್ರ ಲಟಿಕೆ ಮುರಿದು, ಬಲಗೈಯನ್ನು ಹಾಗೇ ಬಿಟ್ಟರು. ಎರಡು ಕೈಗಳಲ್ಲೂ ಸಂಧಿವಾತ ಕಾಣಲಿಲ್ಲ. ನಗಿಸಿ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಪ್ರಶಸ್ತಿ 2009ರಲ್ಲಿ ಅವರಿಗೆ ಸಂದಿತು.

ಸೊಪ್ಪು ಕೇಳಿದರೆ ಉಪ್ಪು

'ಸೊಪ್ಪು ತಂದ್ರಾ?' ಎಂದು ಅಡುಗೆಮನೆಯಿಂದ ಕೂಗು. 'ಡಬ್ಬಿ ತುಂಬಾ ಇದ್ಯಲ್ಲೇ, ಇನ್ನೆಷ್ಟು ಉಪ್ಪು ಬೇಕು ನಿಂಗೆ?' ಎಂದು ಹಾಲ್‌ನಿಂದ ಉತ್ತರ. ಮೊಮ್ಮಕ್ಕಳು ಬಿದ್ದು ಬಿದ್ದು ನಗುತ್ತವೆ.

ಇಲ್ಲಿ ಕಳೆದುಹೋದದ್ದು 'ಸ'ಕಾರ. ವಯಸ್ಸಾದಂತೆ ಕಿವಿ ಮೊದಲು ಬಿಟ್ಟುಕೊಡುವುದು ಕೀಚಲು ಸ್ವರಗಳನ್ನು, ಅಂದರೆ ಹೆಚ್ಚು ಕಂಪನದ ಶಬ್ದಗಳನ್ನು. ಒಳಕಿವಿಯ ಶಂಖದಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಕೀಚಲು ಶಬ್ದ ಹಿಡಿಯುವ ಕೋಶಗಳು ಶಂಖದ ಬಾಗಿಲಲ್ಲೇ ಇರುವುದರಿಂದ, ಎಲ್ಲರೂ ತುಳಿಯುವ ಹೊಸ್ತಿಲಿನ ಹಾಗೆ ಅವೇ ಮೊದಲು ಸವೆಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಸ್ವರಾಕ್ಷರಗಳ ಶಬ್ದ ದಪ್ಪ, ಅವು ಕೇಳಿಸುತ್ತವೆ. ಸ, ಶ, ಫಗಳಂಥವು ಜಾರಿಹೋಗುತ್ತವೆ. 'ಕೂಗ್ಬೇಡ, ಕೇಳ್ಸುತ್ತೆ. ಏನ್ ಹೇಳ್ತಿದ್ದೀ ಅಂತ ತಿಳಿಯಲ್ಲ' ಎಂದು ಅಜ್ಜ ಸಿಡುಕುವುದು ಅಕ್ಷರಶಃ ಸತ್ಯ. ದನಿ ಎತ್ತರಿಸುವುದಕ್ಕಿಂತ ಮುಖ ನೋಡಿ, ನಿಧಾನವಾಗಿ, ಬಿಡಿಬಿಡಿಯಾಗಿ ಹೇಳಿದರೆ ಹೆಚ್ಚು ಪ್ರಯೋಜನ.

ಈ ಸವೆತ ಶುರುವಾಗುವುದು ನಾವಂದುಕೊಂಡಿದ್ದಕ್ಕಿಂತ ಎಷ್ಟೋ ಬೇಗ. ಅಂಗಡಿಗಳ ಮುಂದೆ ಗುಂಪು ಕಟ್ಟುವ ಹದಿಹರೆಯದವರನ್ನು ಚದುರಿಸಲು ವೇಲ್ಸ್‌ನ ಹೊವಾರ್ಡ್ ಸ್ಟೇಪಲ್ಟನ್ 2005ರಲ್ಲಿ 'ಮಾಸ್ಕಿಟೊ' ಎಂಬ ಯಂತ್ರ ತಂದರು. ಅದು ಹೊರಡಿಸುವ 17.4 ಕಿಲೊಹರ್ಟ್ಸ್ ಕೀಚು ಸುಮಾರು ಇಪ್ಪತ್ತೈದರ ಒಳಗಿನವರಿಗಷ್ಟೇ ಚೆನ್ನಾಗಿ ಕೇಳುತ್ತದೆ. ಹುಡುಗರು ಸುಮ್ಮನಿದ್ದಾರೆಯೇ? ಅದೇ ಕೀಚನ್ನು ಮೊಬೈಲ್ ರಿಂಗ್‌ಟೋನ್ ಮಾಡಿಕೊಂಡರು. ತರಗತಿಯಲ್ಲಿ ಮೆಸೇಜ್ ಬಂದರೆ ಮಕ್ಕಳಿಗೆಲ್ಲ ಕೇಳುತ್ತದೆ, ಮೇಷ್ಟ್ರಿಗೆ ಕೇಳುವುದಿಲ್ಲ.

ಕಣ್ಣಿನ ವಿಷಯದಲ್ಲಿ ಇರುವುದಕ್ಕಿಂತ ಹೆಚ್ಚು ನಾಚಿಕೆ ಕಿವಿಯ ವಿಷಯದಲ್ಲಿದೆ. ಕನ್ನಡಕ ಹಾಕಿದವರನ್ನು ಯಾರೂ ತಿರುಗಿ ನೋಡುವುದಿಲ್ಲ; ಶ್ರವಣ ಸಾಧನ ಹಾಕಿದವರನ್ನು ನೋಡುತ್ತಾರೆ. ಆ ನೋಟಕ್ಕೆ ಹೆದರಿ ಅದನ್ನು ಪೆಟ್ಟಿಗೆಯಲ್ಲೇ ಇಟ್ಟವರು ಮೆಲ್ಲನೆ ಮಾತುಕತೆಯಿಂದ ಹಿಂದೆ ಸರಿಯುತ್ತಾರೆ, ಮದುವೆ ಮುಂಜಿಗಳಿಗೆ ಹೋಗುವುದನ್ನು ಬಿಡುತ್ತಾರೆ. ಮರೆಗುಳಿತನದ ಕಾಯಿಲೆಗೆ ದಾರಿ ಮಾಡುವ, ಆದರೆ ನಾವು ತಡೆಯಬಹುದಾದ 14 ಅಂಶಗಳನ್ನು ಲ್ಯಾನ್ಸೆಟ್ ಆಯೋಗ 2024ರಲ್ಲಿ ಪಟ್ಟಿ ಮಾಡಿದಾಗ ಕಿವುಡುತನವೂ ಅದರಲ್ಲಿತ್ತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಶ್ರವಣದೋಷದ ಪರೀಕ್ಷೆ, ಚಿಕಿತ್ಸೆಯ ಕೆಲಸ ಮಾಡುತ್ತಿದೆ. ಅಂಥ ಸಂಸ್ಥೆ ನಮ್ಮ ನಾಡಿನಲ್ಲೇ ಇರುವಾಗ 'ಏನಂದೆ?' ಎನ್ನುತ್ತಾ ಹತ್ತು ವರ್ಷ ಕಳೆಯಬೇಕಾಗಿಲ್ಲ.

ರಾತ್ರಿ ಎರಡಕ್ಕೆ ಬಂದ ಹೆಸರು

'ಅವ್ನೇ ಕಣೋ, ಗಂಧದ ಗುಡಿ ತೆಗ್ದಿದ್ನಲ್ಲ.'
'ಯಾರು?'
'ಪೈಲ್ವಾನ್ ಆಗಿದ್ದ, ಮೈಸೂರಿನವ್ನು. ದೊಡ್ಡ ಶರೀರ.'
'ಹೌದೌದು, ಗೊತ್ತಾಯ್ತು. ಹೆಸ್ರು ಬಾಯಲ್ಲೇ ಇದೆ...'

ಇಬ್ಬರಿಗೂ ಮುಖ ಗೊತ್ತು, ಊರು ಗೊತ್ತು, ದನಿ ಗೊತ್ತು. ಹೆಸರೊಂದು ಬಾರದು. ಮಾತು ಬೇರೆ ಕಡೆ ಹೋಗಿ, ಊಟ ಮುಗಿದು, ಎಲ್ಲರೂ ಮಲಗಿದ ಮೇಲೆ ರಾತ್ರಿ ಎರಡು ಗಂಟೆಗೆ ಒಬ್ಬರು ಎದ್ದು ಕೂತು 'ಎಂ.ಪಿ. ಶಂಕರ್!' ಎಂದು ಕೂಗುತ್ತಾರೆ. ಪಕ್ಕದಲ್ಲಿ ಮಲಗಿದವರಿಗೆ ಎದೆ ಝಲ್ಲೆನ್ನುತ್ತದೆ.

ಡೆಬೊರಾ ಬರ್ಕ್, ಡೊನಾಲ್ಡ್ ಮೆಕೇ ಮತ್ತು ಸಂಗಡಿಗರು 1991ರಲ್ಲಿ ಇದಕ್ಕೆ ಕಾರಣ ವಿವರಿಸಿದರು. ವಯಸ್ಸಾದವರಿಗೆ ಈ ತೊಡಕು ಹೆಚ್ಚು, ಅದರಲ್ಲೂ ವ್ಯಕ್ತಿಗಳ ಹೆಸರಿನಲ್ಲಿ. ಒಬ್ಬ ವ್ಯಕ್ತಿಯ ಬಗೆಗಿನ ವಿವರಗಳು ಮಿದುಳಿನಲ್ಲಿ ಒಂದಕ್ಕೊಂದು ಹತ್ತಾರು ಎಳೆಗಳಿಂದ ಬೆಸೆದಿರುತ್ತವೆ. ಹೆಸರಿನ ಉಚ್ಚಾರಣೆಗೆ ಹೋಗುವುದು ಮಾತ್ರ ಒಂದೇ ಒಂದು ತೆಳು ಎಳೆ. ಬಳಸದಿದ್ದರೆ, ವಯಸ್ಸಾದರೆ ಅದು ಸಡಿಲವಾಗುತ್ತದೆ. 1987ರಲ್ಲಿ ಬ್ರಿಟನ್ನಿನ ಸಂಶೋಧಕರು ಇನ್ನೊಂದು ಸ್ವಾರಸ್ಯ ಕಂಡುಕೊಂಡಿದ್ದರು: ಒಂದೇ ಪದ ಕಸುಬಾಗಿದ್ದರೆ ನೆನಪಿನಲ್ಲಿ ನಿಲ್ಲುತ್ತದೆ, ಹೆಸರಾಗಿದ್ದರೆ ಜಾರುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಗುಡಿಯ ಪೂಜಾರಿ ಎಂದರೆ ನೆನಪಿರುತ್ತದೆ. ಬ್ಯಾಂಕಿನಲ್ಲಿ ಸಿಕ್ಕವರ ಮನೆತನದ ಹೆಸರು ಪೂಜಾರಿ ಎಂಬುದು ಮರೆತುಹೋಗುತ್ತದೆ.

ಅಡುಗೆಮನೆಗೆ ಬಂದು 'ನಾನ್ಯಾಕೆ ಬಂದೆ ಇಲ್ಲಿಗೆ?' ಎಂದು ನಿಲ್ಲುವುದಂತೂ ವಯಸ್ಸಿನ ಖಾಸಗಿ ಆಸ್ತಿಯೇ ಅಲ್ಲ. ಅಮೆರಿಕದ ನೋತ್ರ್ ಡಾಮ್ ವಿಶ್ವವಿದ್ಯಾಲಯದ ಗೇಬ್ರಿಯಲ್ ರಾಡ್ವಾನ್‌ಸ್ಕಿ 2011ರಲ್ಲಿ ತೋರಿಸಿದ್ದು ಇದನ್ನೇ: ಬಾಗಿಲು ದಾಟಿದಾಗ, ಹಿಂದಿನ ಕೋಣೆಯಲ್ಲಿ ಮನಸ್ಸಿನಲ್ಲಿದ್ದದ್ದು ಅಲ್ಲೇ ಉಳಿದುಬಿಡುವ ಸಾಧ್ಯತೆ ಹೆಚ್ಚು. ಪ್ರಯೋಗದಲ್ಲಿ ಮರೆತವರು ಕಾಲೇಜು ವಿದ್ಯಾರ್ಥಿಗಳು. ಬೀಗದ ಕೈ ಎಲ್ಲಿಟ್ಟೆನೆಂದು ಮರೆತರೆ ನಕ್ಕು ಹುಡುಕಿ. ಬೀಗದ ಕೈ ಹೇಗೆ ಬಳಸುವುದೆಂದೇ ಗೊಂದಲವಾದರೆ, ನಡೆದು ಗೊತ್ತಿರುವ ಬೀದಿಯಲ್ಲೇ ದಾರಿ ತಪ್ಪಿದರೆ, ತಡಮಾಡದೆ ವೈದ್ಯರನ್ನು ಕಾಣಿ.

ಹೊಸ ಹಾಡು ಹಳೆಯದಾದಾಗ

ರೇಡಿಯೊದಲ್ಲಿ 'ಎವರ್‌ಗ್ರೀನ್ ಹಳೆಯ ಹಾಡುಗಳು' ಎಂದು ಘೋಷಿಸಿ ಹಾಕುವುದು ನಮ್ಮ ಕಾಲೇಜು ದಿನದ ಹಾಡನ್ನು. 'ಪ್ರೇಮಲೋಕ' ಬಂದದ್ದು 1987ರಲ್ಲಿ, 'ಮುಂಗಾರು ಮಳೆ' 2006ರ ಡಿಸೆಂಬರಿನಲ್ಲಿ. ನಡುವೆ 19 ವರ್ಷ. 'ಮುಂಗಾರು ಮಳೆ' ನೋಡಿ ನೆನೆದವರಿಗೆ ಅಂದು 'ಪ್ರೇಮಲೋಕ' ಹಳೆಯ ಕಾಲದ್ದಾಗಿ ಕಂಡಿತ್ತು. ಅಂದಿನಿಂದ ಇಂದಿಗೆ ಅಷ್ಟೇ ಕಾಲ ಸರಿದುಹೋಗಿದೆ. ಆ ವರ್ಷ ಹುಟ್ಟಿದ ಮಕ್ಕಳು ಮತ ಹಾಕುವ ವಯಸ್ಸಿಗೆ ಬಂದಿದ್ದಾರೆ.

ಹರೆಯದ ಹಾಡುಗಳು ಇಷ್ಟು ತಾಜಾ ಆಗಿ ಉಳಿಯುವುದಕ್ಕೂ ಕಾರಣವುಂಟು. ಹಿರಿಯರನ್ನು ಬದುಕಿನ ನೆನಪು ಕೇಳಿದರೆ, ಅವರು ಹೆಚ್ಚಾಗಿ ಹೇಳುವುದು ಹತ್ತರಿಂದ ಮೂವತ್ತರ ನಡುವಿನ ಘಟನೆಗಳನ್ನು. ಮೊದಲ ಕೆಲಸ, ಮೊದಲ ಊರು, ಮೊದಲ ಪ್ರೀತಿ ಎಲ್ಲ ಆಗ ತಾನೇ ಬಂದಿರುತ್ತವೆ. ಆಮೇಲಿನ ವರ್ಷಗಳು ಬೇಗ ಸರಿದಂತೆ ಅನ್ನಿಸುವುದಕ್ಕೂ ಒಂದು ಲೆಕ್ಕವಿದೆ. ಐದು ವರ್ಷದ ಮಗುವಿಗೆ ಒಂದು ವರ್ಷವೆಂದರೆ ಬದುಕಿನ ಐದನೇ ಒಂದು ಪಾಲು, ಐವತ್ತರವರಿಗೆ ಐವತ್ತನೇ ಒಂದು ಪಾಲು. ಅದಕ್ಕೇ ವಯಸ್ಸಾದಂತೆ ವರ್ಷಗಳು ಓಡುತ್ತವೆ ಎಂದು ಫ್ರಾನ್ಸಿನ ತತ್ವಜ್ಞಾನಿ ಪಾಲ್ ಜಾನೆ 1877ರಲ್ಲೇ ಹೇಳಿದ್ದರು. 'ಮೊನ್ನೆ ಮೊನ್ನೆ ದೀಪಾವಳಿ ಆಯ್ತಲ್ಲ!' ಎಂದು ಪ್ರತಿ ದೀಪಾವಳಿಗೂ ಹೇಳುವ ಅಮ್ಮನ ಮಾತಿನಲ್ಲಿ ಈ ಲೆಕ್ಕವಿದೆ.

ಜೊತೆಗೂಡಿ ನಗುವುದು

ವಯಸ್ಸಾಗುವುದನ್ನು ನಮ್ಮ ಹಿರಿಯರು ಬಚ್ಚಿಡಲಿಲ್ಲ, ಅದಕ್ಕೆ ಊಟ ಹಾಕಿಸಿದರು. ಅರವತ್ತು ಸಂವತ್ಸರಗಳ ಚಕ್ರ ಒಂದು ಸುತ್ತು ಬಂದಾಗ ಷಷ್ಟ್ಯಬ್ದಿ. 1965ರ ಯುಗಾದಿಗೆ ಶುರುವಾದ ವಿಶ್ವಾವಸು ಸಂವತ್ಸರದಲ್ಲಿ ಹುಟ್ಟಿದವರು 2025ರ ಯುಗಾದಿಗೆ ಮತ್ತೆ ಅದೇ ಸಂವತ್ಸರ ಕಂಡರು. ಎಪ್ಪತ್ತಕ್ಕೆ ಭೀಮರಥ ಶಾಂತಿ. ಸಾವಿರ ಹುಣ್ಣಿಮೆ ಕಂಡವರಿಗೆ ಸಹಸ್ರಚಂದ್ರ ದರ್ಶನ; ಬರಿಯ ಹುಣ್ಣಿಮೆಗಳನ್ನು ಎಣಿಸಿದರೆ ಅದಕ್ಕೆ 80 ವರ್ಷ 10 ತಿಂಗಳು ಬೇಕು. ಷಷ್ಟ್ಯಬ್ದಿಯ ಮಂಟಪದಲ್ಲಿ ಅಜ್ಜ ಅಜ್ಜಿಗೆ ಮತ್ತೆ ತಾಳಿ ಕಟ್ಟುವಾಗ ಮೊಮ್ಮಕ್ಕಳು 'ಕೈ ನಡುಗ್ತಿದೆ ನೋಡು ತಾತಂಗೆ!' ಎಂದು ಕೂಗುತ್ತವೆ. ತಾತ ಎಲ್ಲರಿಗಿಂತ ಜೋರಾಗಿ ನಗುತ್ತಾರೆ. ಅಲ್ಲಿ ಯಾರಿಗೂ ಅವಮಾನವಾಗುವುದಿಲ್ಲ, ಏಕೆಂದರೆ ನಗುವಿನ ನಡುವೆ ಅವರೇ ಇದ್ದಾರೆ.

ವಯಸ್ಸನ್ನು ಹೇಗೆ ಕಾಣುತ್ತೇವೆ ಎಂಬುದು ಆಯಸ್ಸಿನೊಂದಿಗೂ ಸೇರಿಕೊಂಡಿದೆ. ಅಮೆರಿಕದ ಒಹಾಯೊ ರಾಜ್ಯದ ಊರೊಂದರಲ್ಲಿ ಐವತ್ತು ದಾಟಿದ 660 ಮಂದಿ ತಮ್ಮ ವೃದ್ಧಾಪ್ಯದ ಬಗ್ಗೆ ಹೇಳಿದ್ದನ್ನು, ಅವರು ಎಷ್ಟು ಕಾಲ ಬದುಕಿದರೆಂಬುದರ ಜೊತೆ ಯೇಲ್ ವಿಶ್ವವಿದ್ಯಾಲಯದ ಬೆಕಾ ಲೆವಿ ಹೋಲಿಸಿದರು. ಒಳ್ಳೆಯ ಮನಸ್ಸಿನಿಂದ ವಯಸ್ಸನ್ನು ಬರಮಾಡಿಕೊಂಡವರು, ಬೇಸರದಿಂದ ಕಂಡವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಈ ಅಧ್ಯಯನ ಹೊರಬಂದದ್ದು 2002ರಲ್ಲಿ. 'ರಾಶಿ' ಎಂದೇ ಹೆಸರಾದ ಡಾ. ಎಂ. ಶಿವರಾಂ ವೈದ್ಯ ವೃತ್ತಿಯ ಜೊತೆಗೇ 1942ರಲ್ಲಿ 'ಕೊರವಂಜಿ' ಹಾಸ್ಯ ಪತ್ರಿಕೆ ಆರಂಭಿಸಿದ್ದರು. ನಗುವಿಗೂ ಆರೋಗ್ಯಕ್ಕೂ ಇರುವ ನಂಟು ಕನ್ನಡಿಗರಿಗೆ ಹೊಸದಲ್ಲ.

ನಗುವಿನಲ್ಲಿ ಎರಡು ಬಗೆ. 'ಕಿವಿ ಕೇಳಲ್ಲ ಬಿಡು ಅವರಿಗೆ' ಎಂದು ಅವರನ್ನು ಹೊರಗಿಟ್ಟು ನಕ್ಕರೆ, ಅವರು ಕೇಳದಿದ್ದರೂ ಕೇಳಿದಂತೆ ತಲೆಯಾಡಿಸುವುದನ್ನು ಕಲಿಯುತ್ತಾರೆ. ತೊಂದರೆ ಮುಚ್ಚಿಡುತ್ತಾರೆ, ಪರೀಕ್ಷೆ ಮುಂದೂಡುತ್ತಾರೆ. 'ಸೊಪ್ಪು ಕೇಳಿದ್ರೆ ಉಪ್ಪು ಅಂತೀರಲ್ಲ' ಎಂದು ಅವರನ್ನೂ ಸೇರಿಸಿಕೊಂಡು ನಕ್ಕರೆ, 'ಹೌದು ಕಣೆ, ಒಮ್ಮೆ ತೋರಿಸ್ಬೇಕು' ಎಂದು ತಾವೇ ಹೇಳುತ್ತಾರೆ. ಆ ಮಾತು ಬಂದ ಗಳಿಗೆಯನ್ನು ಬಿಡಬಾರದು. ನಕ್ಕು ಮುಗಿಸಿ ಸುಮ್ಮನಾಗುವ ಬದಲು ಅದೇ ವಾರ ಕಣ್ಣಿನ ಡಾಕ್ಟರ ಬಳಿಗೋ, ಕಿವಿ ಪರೀಕ್ಷೆಗೋ, ಪಾರ್ಕಿನ ನಡಿಗೆಗೋ ಅವರ ಜೊತೆ ಹೋಗೋಣ. ನಲವತ್ತು ದಾಟಿದ್ದರೆ, ಹೋದ ಕಡೆ ನಮ್ಮದನ್ನೂ ಪರೀಕ್ಷೆ ಮಾಡಿಸಿಕೊಂಡು ಬರೋಣ.